ಬೇಲಿಯ ಬಾಗಿಲಲ್ಲಿ ಒಂದು ಕೊಡ ನೀರು

ಹಟ್ಟಿಯ ಬೇಲಿ ಹತ್ತಿರ ಬಂದರೆ ಸಾಕು, ಮಹಜಬೀನಳ ಪಾದಗಳು ತಾವಾಗಿಯೇ ಚಪ್ಪಲಿ ಕಳಚಿಬಿಡುತ್ತಿದ್ದವು. ಕುರಿ ಕಾಯುವವರ ಆ ಪುಟ್ಟ ಊರು ದೇವರ ಹಟ್ಟಿ, ಒಳಗೆ ಯಾರೂ ಚಪ್ಪಲಿ ಮೆಟ್ಟುವಂತಿಲ್ಲ. ಎಷ್ಟು ದೊಡ್ಡ ಸಾಹೇಬರು ಬಂದರೂ ಜೀಪಿನಲ್ಲೇ ಬೂಟು ಬಿಟ್ಟು ಇಳಿಯಬೇಕು. ಇನ್ನು ಅಂಗನವಾಡಿ ಟೀಚರು ಯಾವ ಲೆಕ್ಕ! ಸುತ್ತ ಕಾರೆಮುಳ್ಳಿನ ಬೇಲಿ. ಬೇಲಿಯ ಮುಳ್ಳು ಬೇಲಿಯಲ್ಲೇ ಇರಬೇಕೆಂದು ಎಲ್ಲಿದೆ? ಗಾಳಿ ಬಂದರೆ ದಾರಿಗೂ ಬೀಳುತ್ತೆ. ಆ ದಾರಿಯಲ್ಲಿ ಬರಿಗಾಲಲ್ಲಿ ನಡೆದು ನಡೆದು ಅವಳ ಹಿಮ್ಮಡಿ ಬಿರಿದುಹೋಗಿತ್ತು. ರಾತ್ರಿ ಮನೆಯಲ್ಲಿ ಗಂಡ ಲಿಯಾಕತ್ ಅಲಿ ಹಾಸಿಗೆ ಹೊಲಿಯುವ ಸೂಜಿಯಲ್ಲೇ ಅವಳ ಕಾಲಿನ ಮುಳ್ಳು ತೆಗೆಯುತ್ತ, "ಬಸ್, ಇನ್ನು ಸಾಕು ಮಾಡು" ಅನ್ನುತ್ತಿದ್ದ. ಹಾಗೆ ಅಂದು ಅಂದು ಅವನ ಗಡ್ಡವೇ ಬೆಳ್ಳಗಾಯಿತು.

ಈಗ ಸರ್ಕಾರವೇ ಸಾಕು ಮಾಡು ಅಂದಿತ್ತು. ತಿಂಗಳ ಕೊನೆಗೆ ಅವಳಿಗೆ ಅರವತ್ತು ತುಂಬುತ್ತದೆ, ಆಮೇಲೆ ಮನೆ. ಶಿರಾದಿಂದ ಮುಂಜಾನೆಯ ಬಸ್ಸಿಗೆ ಓಡುವುದಿಲ್ಲ, ಹುಲಿಕುಂಟೆ ಕಡೆಯ ಕ್ರಾಸಿನಲ್ಲಿ ಇಳಿದು ಕಡಲೆಕಾಯಿ ಹೊಲಗಳ ನಡುವೆ ಬಿಸಿಲು ಹೊತ್ತುಕೊಂಡು ನಡೆಯುವುದಿಲ್ಲ, ಮಂಡಿ ಹಿಡಿದುಕೊಂಡು ಹಳ್ಳ ದಾಟುವುದಿಲ್ಲ. ಖುಷಿಯಾಗಬೇಕಿತ್ತು. ಆದರೆ ಒಂದು ಮಾತು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಅವಳ ಜಾಗಕ್ಕೆ ಹಟ್ಟಿಯವಳೇ ಒಬ್ಬಳು ಸಿಕ್ಕರೆ ಅಂಗನವಾಡಿ ಉಳಿಯುತ್ತದೆ, ಇಲ್ಲದಿದ್ದರೆ ಹಳ್ಳದ ಆಚೆಯ ಊರಿನ ಕೇಂದ್ರಕ್ಕೆ ಸೇರಿಸಿ ಇಲ್ಲಿಗೆ ಬೀಗ ಹಾಕುತ್ತಾರೆ ಎಂದು ಮೇಲಿನವರು ಹೇಳಿ ಹೋಗಿದ್ದರು. ಮೂರು ವರ್ಷದ ಕೂಸು ದಿನವೂ ಹಳ್ಳ ದಾಟಿ ಹೋಗಿ ಬರುವುದುಂಟೆ? ಬೀಗ ಹಾಕಿದರೆ ಮಕ್ಕಳು ಮತ್ತೆ ಕುರಿಯ ಹಿಂದೆ ಹೋಗುತ್ತವೆ, ಅಷ್ಟೇ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಅವಳು ಈ ಮಕ್ಕಳನ್ನು ಮೊದಲು ಕಂಡದ್ದೇ ಕುರಿಗಳ ನಡುವೆ.

ಅವಳು ಹೊಸದಾಗಿ ಬಂದಾಗ ಇಲ್ಲಿ ಕಟ್ಟಡವೂ ಇರಲಿಲ್ಲ, ಏಳನೇ ಕ್ಲಾಸು ಪಾಸಾದ ಹೆಂಗಸೂ ಇರಲಿಲ್ಲ. ಅದಕ್ಕೇ ಶಿರಾದ ಮಹಜಬೀನಳಿಗೆ ಈ ಕೆಲಸ ಸಿಕ್ಕಿದ್ದು. ಹಟ್ಟಿಗೆ ಬಂದರೆ ಮನೆಗಳೆಲ್ಲ ಖಾಲಿ. ದೊಡ್ಡವರು ಕುರಿ ಹೊಡೆದುಕೊಂಡು ಗುಡ್ಡಕ್ಕೆ, ಮಕ್ಕಳು ಬೇಲಿಯ ಹೊರಗೆ ಮರಿಗಳನ್ನು ಕೂಡುವ ರೊಪ್ಪದಲ್ಲಿ. ನಡೆಯಲಾರದ ಎಳೆ ಮರಿಗಳನ್ನು ಆ ಮುಳ್ಳಿನ ಸುತ್ತಿನೊಳಗೆ ಬಿಟ್ಟು, ನಾಯಿ ನರಿ ಬಾರದಂತೆ ನೋಡಿಕೊಳ್ಳಲು ಮಕ್ಕಳನ್ನು ಕೂರಿಸಿ ಹೋಗುತ್ತಿದ್ದರು. ಮಹಜಬೀನ್ ಬುರ್ಖಾ ಮಡಚಿ ಬ್ಯಾಗಿಗೆ ತುರುಕಿ, ಆ ಹಿಕ್ಕೆಯ ಮೇಲೇ ಚಾಪೆ ಹಾಸಿದಳು. ಒಂದು ಎರಡು ಕಲಿಸಿದ್ದು ಮರಿಗಳನ್ನೇ ಎಣಿಸಿ. ಮರಿಗಳು ನಿಂತಲ್ಲಿ ನಿಲ್ಲದೆ ಮಕ್ಕಳು ದಿನಕ್ಕೊಂದು ಲೆಕ್ಕ ಹೇಳುತ್ತಿದ್ದವು, ಅದು ಬೇರೆ ಮಾತು.

ಕಟ್ಟಡ ಬಂದಾಗ ಹಟ್ಟಿಯ ಯಜಮಾನ ಬೋರಪ್ಪ, "ಎಲ್ಲಿ ಬೇಕೋ ತೋರ್ಸಿ ಟೀಚರಮ್ಮ" ಅಂದಿದ್ದ. ಮಹಜಬೀನ್ ಹಟ್ಟಿಯೆಲ್ಲ ಸುತ್ತಿ ದೇವರ ಗುಡಿಯ ಪಕ್ಕದ ಬೇವಿನ ಮರದ ಕೆಳಗೆ ಬೆರಳು ತೋರಿಸಿದಳು. ದಿನವೂ ಗುಡಿಸಿ ಸಾರಿಸುವ ಜಾಗ, ಹಿಕ್ಕೆಯಿಲ್ಲ, ನಾಯಿಯಿಲ್ಲ, ನೆರಳಿದೆ. ದೇವರ ಮಗ್ಗುಲಲ್ಲಿದ್ದರೆ ಜನಕ್ಕೂ ಒಂದು ಗೌರವ, ಮಕ್ಕಳನ್ನು ಕಳಿಸುತ್ತಾರೆ ಎಂದು ಅವಳ ಲೆಕ್ಕಾಚಾರ. ಅದು ಸರಿಯೇ ಆಯಿತು, ಮಕ್ಕಳು ಬಂದವು. ತನ್ನ ಬುದ್ಧಿವಂತಿಕೆಗೆ ತಾನೇ ಬೆನ್ನು ತಟ್ಟಿಕೊಂಡಿದ್ದಳು.

ಆ ರೊಪ್ಪದಲ್ಲಿ ಕೂತಿದ್ದ ಮೊದಲ ಮಕ್ಕಳಲ್ಲಿ ಸುನಿತಾ ಒಬ್ಬಳು. ಆಮೇಲೆ ಬಸ್ಸಿನಲ್ಲಿ ಶಿರಾಕ್ಕೆ ಹೋಗಿ ಪಿಯುಸಿ ಮುಗಿಸಿದಳು. ಹಟ್ಟಿಯಲ್ಲೇ ಬೋರಪ್ಪನ ಅಕ್ಕ ನಾಗಕ್ಕನ ಸೊಸೆಯಾದಳು. ಗಂಡ ಚಿಕ್ಕರಾಜು ವರ್ಷದ ಅರ್ಧ ಭಾಗ ಕುರಿಯ ಜೊತೆ ಊರೂರು ಅಲೆಯುವವನು. ಸುನಿತಾ ಅರ್ಜಿ ಹಾಕುತ್ತೇನೆಂದಾಗ ಮಹಜಬೀನಳಿಗೆ ಹೆಗಲ ಮೇಲಿನ ಮೂಟೆ ಇಳಿಸಿದಂತಾಯಿತು. ಯಜಮಾನರ ಒಪ್ಪಿಗೆ ಒಂದು ಬಾಕಿ. ಬೇವಿನ ಮರದ ಕೆಳಗೆ ನಾಲ್ಕು ಜನ ಸೇರಿದರು.

ಬೋರಪ್ಪ ಕೆಟ್ಟ ಮನುಷ್ಯನಲ್ಲ. ಎಲೆಯಡಿಕೆ ಹಾಕಿಕೊಂಡು ನಿಧಾನವಾಗಿ ಹೇಳಿದ: "ಸುನಿತಾ ಓದಿದ್ ಹುಡ್ಗಿ, ಇಲ್ಲ ಅನ್ನಲ್ಲ. ಆದ್ರೆ ತಿಂಗ್ಳಿಗೆ ಮೂರ್ ದಿನ ಆವಮ್ಮ ಬೇಲಿ ಒಳಕ್ಕೆ ಕಾಲಿಡಂಗಿಲ್ಲ. ನಿಮ್ ಅಂಗನವಾಡಿ ಇರಾದು ದೇವ್ರ ಮಗ್ಗುಲಾಗೆ. ಬಾಗ್ಲು ತೆಗೆಯೋರ್ಯಾರು? ನಾಳೆ ಬಾಣಂತಿ ಅಂದ್ರೆ ತಿಂಗ್ಳುಗಟ್ಲೆ ಹೊರಗಿರ್ಬೇಕು. ಆಗಾಕಿಲ್ಲ ಕಣಮ್ಮ."

ಜಾಗ ತೋರಿಸಿದ ಬೆರಳು ತನ್ನದೇ ಎಂದು ಮಹಜಬೀನಳಿಗೆ ಆಗ ಹೊಳೆಯಿತು. ಮಕ್ಕಳು ಬರಲೆಂದು ಹುಡುಕಿದ ಜಾಗ, ಹಟ್ಟಿಯ ಹೆಣ್ಣು ಟೀಚರಾಗದಂತೆ ಅಡ್ಡ ನಿಂತಿತ್ತು. ಹೊರಗಿನ ಹೆಂಗಸೊಬ್ಬಳು ಗಂಡಸರ ಮುಂದೆ ಆಡಬಾರದ ಮಾತನ್ನು ಆಡಿಯೇಬಿಟ್ಟಳು.

"ಅಣ್ಣಾ, ನಾನೂ ಹೆಂಗಸೇ ಅಲ್ವಾ? ವಯಸ್ಸಿನಾಗೆ ನಾನೂ ಆ ದಿನಗಳಲ್ಲೆಲ್ಲ ಇದೇ ಬಾಗ್ಲು ತೆಗ್ದು ಇಲ್ಲೇ ಕೂತಿದ್ದೀನಿ. ನಿಮ್ಮ ದೇವ್ರು ಒಂದು ದಿನಾನೂ ಮುನಿಸ್ಕೊಳ್ಳಲಿಲ್ಲ."

ಸುನಿತಾ ತಲೆ ತಗ್ಗಿಸಿದಳು. ಬೋರಪ್ಪ ಪಕ್ಕಕ್ಕೆ ಹೋಗಿ ಉಗುಳಿ ಬಂದು, ಸಮಾಧಾನ ಮಾಡುವವನಂತೆ ಹೇಳಿದ: "ನಿಮ್ದು ನಮ್ ದೇವ್ರಿಗೆ ಲೆಕ್ಕಕ್ಕಿಲ್ಲ ಕಣಮ್ಮ. ನೀವು ಹೊರಗ್ನೋರು. ಬೆಳಿಗ್ಗೆ ಬತ್ತೀರಾ, ಸಾಯಂಕಾಲ ಹೋಯ್ತೀರಾ."

ಅವನು ಚುಚ್ಚಲೆಂದು ಆಡಿದ ಮಾತಲ್ಲ. ಚುಚ್ಚಲೆಂದು ಆಡಿದ್ದರೆ ಅವಳು ತಿರುಗಿಸಿ ಎರಡು ಮಾತು ಬೈದು ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದಳು. ಇದು ಹಾಗಲ್ಲ. ಇಷ್ಟು ವರ್ಷ ಇವರು ತನ್ನನ್ನು ಏನೂ ಕೇಳದೆ ಒಳಗೆ ಬಿಟ್ಟದ್ದು ತನ್ನ ಮೇಲಿನ ಮರ್ಯಾದೆಗೆ ಎಂದು ಅವಳು ತಿಳಿದಿದ್ದಳು. ಈ ಹಟ್ಟಿಯ ಎಷ್ಟು ಮಕ್ಕಳ ಮೂಗು ಒರೆಸಿದ್ದಾಳೆ, ಎಷ್ಟು ಬಸುರಿಯರನ್ನು ಆಸ್ಪತ್ರೆಗೆ ಹೊರಡಿಸಿದ್ದಾಳೆ! ಕೊನೆಗೆ ನೋಡಿದರೆ ಅವಳು ಬಂದು ಹೋಗುವ ಬಸ್ಸಿದ್ದ ಹಾಗೆ. ಬಸ್ಸಿಗೆ ಯಾರು ಮೈಲಿಗೆ ಕೇಳುತ್ತಾರೆ?

ಆ ಸಂಜೆ ಕ್ರಾಸಿನಲ್ಲಿ ಬಸ್ಸು ತಡವಾಯಿತು. ಮೈಲುಗಲ್ಲಿನ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮನೆಗೆ ಹೋಗಿ ಹೇಳಿದಾಗ ಲಿಯಾಕತ್ ಅಲಿ ಹತ್ತಿ ತುಂಬುತ್ತಿದ್ದ ದಿಂಬನ್ನು ಪಕ್ಕಕ್ಕಿಟ್ಟು, "ಅವರ ಹಟ್ಟಿ, ಅವರ ಮಕ್ಕಳು, ಅವರ ಬೀಗ. ನಿನಗ್ಯಾಕೆ?" ಅಂದ. ನ್ಯಾಯವಾದ ಮಾತು. ಅವಳು ಹ್ಞೂಂ ಅಂದಳು. ಅನ್ನ ಸೇರಲಿಲ್ಲ.

ಮರುದಿನ ಅವಳ ತಲೆಯಲ್ಲಿ ಯಾವ ಉಪಾಯವೂ ಇರಲಿಲ್ಲ, ಸುಸ್ತು ಒಂದೇ ಇತ್ತು. ಅಂಗನವಾಡಿಯ ಬೀಗ ತೆಗೆದಳು. ಗೋಡೆಯ ಮೇಲೆ ತಾನೇ ಅಂಟಿಸಿದ ಆನೆ, ಒಂಟೆ. ಕಿಟಕಿಯಲ್ಲಿ ದೇವರ ಗುಡಿ. ಇದೇ ನೆಲದ ಮೇಲೆ ಸುನಿತಾ ಕೂರಲಾಗದಿದ್ದರೆ ಈ ನೆಲ ಯಾಕೆ ಬೇಕು ಎಂದು ಒಮ್ಮೆಲೇ ಸಿಟ್ಟು ಬಂತು. ಚಾಪೆ ಸುತ್ತಿ ಕಂಕುಳಿಗೆ ಇಟ್ಟುಕೊಂಡಳು, ಕರಿಹಲಗೆ ತಲೆಯ ಮೇಲೆ ಇಟ್ಟುಕೊಂಡಳು, ಮಕ್ಕಳಿಗೆ ಬನ್ನಿ ಅಂದಳು. ಎಲ್ಲಿಗೆ ಅಂತ ಅವು ಕೇಳಲಿಲ್ಲ. ಬೇಲಿ ದಾಟಿ, ಹಳೆಯ ಮರಿ ರೊಪ್ಪಕ್ಕೆ ಹೋಗಿ, ಹಿಕ್ಕೆ ಬಳಿದು ಚಾಪೆ ಹಾಸಿ ಉಸ್ಸಪ್ಪಾ ಎಂದು ಕೂತಳು. ಮೂಲೆಯಲ್ಲಿ ಕಟ್ಟಿದ್ದ ಎರಡು ಮರಿ ಅರಚಿಕೊಂಡವು.

ಬೋರಪ್ಪ ಬೇಲಿಯ ಒಳಗಿನಿಂದಲೇ ಕೂಗಿದ. "ಇದೇನ್ ಟೀಚರಮ್ಮ, ಸರ್ಕಾರ ಕಟ್ಸಿದ ಮನೆ ಬುಟ್ಟು ರೊಪ್ಪಕ್ಕೆ ಬಂದ್ಬುಟ್ರಿ?"

"ಅದ್ರಾಗೆ ದಿನಸಿ ಇಡಾನ ಅಣ್ಣ. ಮಕ್ಳು ಇಲ್ಲಿರ್ತವೆ. ಸುನಿತಾ ಇಲ್ಲಿ ಎಲ್ಲಾ ದಿನಾನೂ ಕೂರಬೋದು. ಇದು ಬೇಲಿ ಹೊರಗೆ."

ಬೋರಪ್ಪ ಎಲೆಯಡಿಕೆಯನ್ನು ಒಂದು ದವಡೆಗೆ ಒತ್ತಿಕೊಂಡ. "ಹೊರಗಿಂದ್ನೆಲ್ಲ ನಾನ್ಯಾಕೆ ಕೇಳಾನ, ಏನಾರ ಮಾಡ್ಕಳಿ" ಅಂದು ಹೋದ. ಒಪ್ಪಿಗೆ ಎಂದರೆ ಒಪ್ಪಿಗೆ, ಅಲ್ಲವೆಂದರೆ ಅಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡು ಸುನಿತಾ ಮಾರನೆಯ ದಿನದಿಂದ ಮಹಜಬೀನಳ ಪಕ್ಕ ಕೂತಳು. ಹುಡುಗಿಗೆ ಮಕ್ಕಳನ್ನು ಗದರುವುದು ಬರುತ್ತಿರಲಿಲ್ಲ, ಕಥೆ ಹೇಳುವುದು ಬರುತ್ತಿತ್ತು. ಗದರುವುದು ತಾನಾಗಿ ಬರುತ್ತೆ ಬಿಡು ಎಂದು ಮಹಜಬೀನ್ ನಕ್ಕಳು.

ನಿಜವಾದ ಕಷ್ಟ ಬಂದದ್ದು ತಿಂಗಳ ಕೊನೆಯ ವಾರದಲ್ಲಿ. ಅವತ್ತು ಮಹಜಬೀನ್ ಹಳ್ಳ ದಾಟಿ ಬರುತ್ತಿದ್ದಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ರೊಪ್ಪದಿಂದ ಗಲಾಟೆ ಕೇಳುತ್ತಿರಲಿಲ್ಲ. ಹತ್ತಿರ ಬಂದರೆ ಚಾಪೆ ಹಾಸಿದೆ, ಮೇಲೆ ಒಂದು ಮಗುವೂ ಇಲ್ಲ. ಸುನಿತಾ ಒಬ್ಬಳೇ ರೊಪ್ಪದ ಪಕ್ಕದ ಹೊಂಗೆಮರಕ್ಕೆ ಒರಗಿ ಕೂತಿದ್ದಾಳೆ. ಪಕ್ಕದಲ್ಲಿ ಅವಳ ತಟ್ಟೆ, ಲೋಟ, ಕಂಬಳಿ. ರಾತ್ರಿಯೇ ಮುಟ್ಟಾಗಿ, ಆ ದಿನಗಳಲ್ಲಿ ಹೆಂಗಸರು ಇರಬೇಕಾದ ಬೇಲಿಯ ಹೊರಗಿನ ಗುಡಿಸಲಿಗೆ ಬಂದಿದ್ದಳು. ಬೇಲಿಯ ಬಾಗಿಲಲ್ಲಿ ತಾಯಂದಿರು ಮಕ್ಕಳ ರಟ್ಟೆ ಹಿಡಿದು ನಿಂತಿದ್ದರು. ಅವಳನ್ನು ಮುಟ್ಟಿದ ಮಗು ತಲೆಗೆ ನೀರು ಹಾಕಿಸಿಕೊಳ್ಳದೆ ಒಳಗೆ ಬರುವಂತಿಲ್ಲ. ದಿನವೂ ಅಷ್ಟು ಮಕ್ಕಳಿಗೆ ನೀರು ಹಾಕುವವರಾರು?

"ಟೀಚರಮ್ಮ, ನೀವ್ ಬೇಕಾದ್ರೆ ಕೂರುಸ್ಕಳಿ, ಕಳುಸ್ತೀವಿ" ಎಂದಳೊಬ್ಬಳು. "ಆವಮ್ಮ ಮುಟ್ಟದು ಬ್ಯಾಡ."

ಮಹಜಬೀನ್ ಬರಿದಾದ ಚಾಪೆಯ ಕಡೆ ನೋಡಿದಳು. ಇವತ್ತು ತಾನು ಕೂರಿಸಿಕೊಳ್ಳಬಹುದು. ಮುಂದಿನ ತಿಂಗಳು? ಬೇಲಿ ದಾಟಿಸಿ ತಂದರೂ ಬೇಲಿ ಹಿಂದೆಯೇ ಬಂದಿತ್ತು. ಅವಳು ಹೋಗಿ ಸುನಿತಾಳ ಪಕ್ಕದಲ್ಲಿ, ಅವಳ ಕಂಬಳಿಯ ಮೇಲೇ ಕೂತಳು. ಸುನಿತಾ, "ಮುಟ್ಟುಸ್ಕೋಬ್ಯಾಡಿ ಟೀಚರ್" ಎಂದು ಸರಿಯಹೋದಳು. ಮಹಜಬೀನ್ ಅವಳ ಕೈ ಹಿಡಿದುಕೊಂಡು, "ನಂದು ಲೆಕ್ಕಕ್ಕಿಲ್ಲ ಕಣೇ" ಅಂದಳು. ಇಬ್ಬರೂ ಹಾಗೇ ಕೂತರು. ಬಿಸಿಲು ಏರಿತು. ಬೀಗ ಬಿದ್ದ ಹಾಗೇ ಎಂದು ಮಹಜಬೀನ್ ಮನಸ್ಸಿನಲ್ಲೇ ಕೈ ಚೆಲ್ಲಿದಳು.

ಆಗ ಬೇಲಿಯ ಬಾಗಿಲಲ್ಲಿ ನಾಗಕ್ಕ ಕಂಡಳು. ಸುನಿತಾಳ ಅತ್ತೆ, ಬೋರಪ್ಪನಿಗಿಂತ ಹಿರಿಯಳು, ಮಾತು ಕಡಿಮೆ. ಸೊಂಟದ ಮೇಲೆ ತುಂಬಿದ ಕೊಡ. ಅದನ್ನು ಬಾಗಿಲ ಪಕ್ಕ ಧೊಪ್ಪೆಂದು ಇಳಿಸಿ, ಒಂದು ಚೊಂಬು ಮೇಲಿಟ್ಟು, ಸೊಂಟ ನೀವಿಕೊಂಡಳು.

"ತಲೇಗೆ ಯಾಕ್ ಹಾಕಬೇಕು? ಕೂಸುಗ್ಳು ಅವು" ಎಂದಳು ತಾಯಂದಿರ ಕಡೆ ತಿರುಗಿ. "ಒಳಕ್ಕೆ ಬರಾವಾಗ ಕಾಲ್ಗೆ ನೀರು ಹುಯ್ತೀನಿ, ನಾನು. ನಿಮಗೇನ್ ಕಷ್ಟ? ನನ್ನ ಆಯುಸ್ಸಿನಾಗೆ ನಾನು ಈ ಮರದ ಕೆಳಗೆ ಎಷ್ಟ್ ದಿನ ಕುಂತಿದ್ದೀನೋ ಆ ದೇವ್ರಿಗೇ ಗೊತ್ತು. ನಾಕು ಹೆತ್ತಿದ್ದೂ ಇಲ್ಲೇ. ಮಳೆಗೂ ಕುಂತೆ, ಚಳಿಗೂ ಕುಂತೆ. ಒಬ್ರಾದ್ರೂ ಬಂದು ಒಂದಕ್ಷರ ಹೇಳ್ಕೊಟ್ರಾ? ಸುಮ್ಕೆ ಮಣ್ಣು ಕೆರಕಂಡು ಕುಂತಿದ್ದೆ. ಇವಳು ಕುಂತಿರೋ ಹೊತ್ನಾಗೆ ಮಕ್ಳಿಗೆ ನಾಕಕ್ಷರ ಹೇಳಿದ್ರೆ ನಿಮ್ದೇನ್ ಹೋಯ್ತದೆ?"

"ಯಜಮಾನ್ರು..." ಎಂದಿತು ಒಂದು ದನಿ.

"ಅವನ್ನ ಎತ್ತಿ ಆಡ್ಸಿದೋಳು ನಾನು. ನಾನ್ ಹೇಳ್ಕಂತೀನಿ ಬುಡು."

ಹೀಗಂದವಳೇ ಹತ್ತಿರದಲ್ಲಿದ್ದ ಒಂದು ಹೆಣ್ಣುಮಗುವಿನ ಬೆನ್ನಿಗೆ ಮೆಲ್ಲಗೆ ಕೈ ಹಚ್ಚಿ ಮುಂದೆ ನೂಕಿದಳು. ಮಗು ಎರಡು ಹೆಜ್ಜೆ ಇಟ್ಟು ತಾಯಿಯ ಕಡೆ ತಿರುಗಿ ನೋಡಿತು. ತಾಯಿ ಹೋಗು ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಮಗು ಓಡಿಹೋಗಿ ಸುನಿತಾಳ ಮಡಿಲಲ್ಲಿ ಕೂತು, "ನರಿ ಕಥೆ ಅರ್ಧ ಆಗಿತ್ತು" ಅಂದಿತು. ಒಂದರ ಹಿಂದೆ ಒಂದು ಉಳಿದವೂ ರಟ್ಟೆ ಬಿಡಿಸಿಕೊಂಡವು. ಕೆಲವು ಮಕ್ಕಳು ಬರಲಿಲ್ಲ. ಅವತ್ತೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಬಂದವು ಬಂದವು.

ಮಹಜಬೀನ್ ಹೊಂಗೆಮರಕ್ಕೆ ಒರಗಿ ಕಣ್ಣು ಮುಚ್ಚಿದಳು. ಸುನಿತಾ ನರಿಯ ಕಥೆ ಹೇಳುತ್ತಿದ್ದಳು, ಮಧ್ಯೆ ಒಬ್ಬನನ್ನು ಗದರಿಯೂ ಗದರಿದಳು. ಕಟ್ಟಳೆ ಎಲ್ಲಿತ್ತೋ ಅಲ್ಲೇ ಇತ್ತು, ಗುಡಿಸಲೂ ಇತ್ತು, ಬೇಲಿಯೂ ಇತ್ತು. ಮುರಿದದ್ದೇನೂ ಇಲ್ಲ. ಆದರೂ ಕಥೆ ಮುಂದೆ ಹೋಗುತ್ತಿತ್ತು. ಇಷ್ಟು ವರ್ಷದ ಆಯಾಸವೆಲ್ಲ ಒಟ್ಟಿಗೆ ಮೈಮೇಲೆ ಬಿದ್ದು, ಅಲ್ಲೇ ಮಲಗಿಬಿಡಬೇಕು ಅನ್ನಿಸಿತು.

ಮಧ್ಯಾಹ್ನ ಮಕ್ಕಳು ಸಾಲಾಗಿ ಬೇಲಿಯ ಬಾಗಿಲಿಗೆ ಬಂದವು. ನಾಗಕ್ಕ ಒಂದೊಂದರ ಕಾಲಿಗೂ ನೀರು ಹುಯ್ದಳು. ಕಾಲು ಒದ್ದೆಯಾಗುವುದೇ ಒಂದು ಆಟವಾಗಿ, ಒಳಗೆ ಹೋದವು ತಿರುಗಿ ಹೊರಗೆ ಬಂದು ಮತ್ತೊಮ್ಮೆ ಹುಯ್ಯಿಸಿಕೊಂಡವು. ಎಲ್ಲ ಮುಗಿದ ಮೇಲೆ ಮಹಜಬೀನ್ ಗುಡಿಯ ಪಕ್ಕದ ದಿನಸಿಯ ಕೋಣೆಗೆ ಬೀಗ ಹಾಕಿ ಹೊರಡೋಣವೆಂದು ಎದ್ದಳು. ಬಾಗಿಲಲ್ಲಿ ಎಂದಿನಂತೆ ಚಪ್ಪಲಿ ಬಿಟ್ಟು, ಎಂದಿನಂತೆ ಒಳಗೆ ಕಾಲಿಡಹೋದಳು.

ನಾಗಕ್ಕ ಚೊಂಬು ಅಡ್ಡ ಹಿಡಿದಳು. "ನಿಲ್ಲು ಟೀಚರಮ್ಮ."

"ಯಾಕ್ ನಾಗಕ್ಕ?"

"ನೀನೂ ಅವಳನ್ನ ಮುಟ್ಕಂಡು ಅವಳ ಕಂಬ್ಳಿ ಮ್ಯಾಲೇ ಕುಂತಿದ್ಯಲ್ಲ. ಅಂಗೇ ಬಂದ್ಬುಟ್ರೆ ಹೆಂಗೆ? ಕಾಲು ತೊಳ್ಕೊ."

ಮಹಜಬೀನ್ ಅವಳ ಮುಖವನ್ನೇ ನೋಡಿದಳು. ಅದರಲ್ಲಿ ತಮಾಷೆ ಇರಲಿಲ್ಲ. ಹಟ್ಟಿಯ ಯಾವ ಹೆಂಗಸಿಗಾದರೂ ಹೇಳುವಂತೆ ಹೇಳಿದ್ದಳು, ಅಷ್ಟೇ. ಮಹಜಬೀನ್ ಸೀರೆಯ ನಿರಿಗೆ ಸ್ವಲ್ಪ ಎತ್ತಿ ಹಿಡಿದು, ಬಿರಿದ ಎರಡೂ ಪಾದ ಮುಂದಿಟ್ಟಳು. ನಾಗಕ್ಕ ಬಗ್ಗಿ ನಿಧಾನವಾಗಿ ನೀರು ಹುಯ್ದಳು.