ತನ್ನದೇ ಪೋಸ್ಟರಿನ ಕೆಳಗೆ

ಮುಂದಿನ ಎರಡು ಹಲ್ಲುಗಳಲ್ಲಿ ಒಂದು ಇನ್ನೊಂದರ ಮೇಲೆ ತುಸು ಹತ್ತಿಕೊಂಡಿತ್ತು. ನಗುವಾಗ ಅವಳು ಅದನ್ನು ಮುಚ್ಚಿಕೊಳ್ಳುತ್ತಿರಲಿಲ್ಲ. ಹೆಬ್ಬಾಳದ ಟೆಕ್ ಪಾರ್ಕಿನ ಎದುರಿನ ಬಸ್ ಸ್ಟಾಪಿನಲ್ಲಿ ಅವಳ ಆಳೆತ್ತರದ ಪೋಸ್ಟರ್ ಬಂದಾಗ ನಾನು ಮೊದಲು ಗಮನಿಸಿದ್ದು ಆ ಹಲ್ಲನ್ನೇ. ಯಾರೋ ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿದ್ದರು. ಮೂಗುಬೊಟ್ಟನ್ನೂ ಅಳಿಸಿದ್ದರು.

ಕೆಂಪಾಪುರದ ನಮ್ಮ ಮನೆಯ ಮಹಡಿಯಲ್ಲಿ ಅವಳು ಬಾಡಿಗೆಗಿದ್ದಳು, ಒಬ್ಬಳೇ. ಆ ಪಾರ್ಕಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಬಹಳ ವರ್ಷಗಳ ಕೆಲಸ. ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಗೆ ಇಳಿದು ಬಂದು, ಫೋನನ್ನು ನನ್ನ ಅಕ್ಕಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕುವಳು. "ಒಳಗೇ ಬಡ್ಕೊಳ್ಲಿ ಅಕ್ಕ" ಎನ್ನುತ್ತ ನಿಂತೇ ಕಾಫಿ ಕುಡಿಯುವಳು. ಯಾರಾದರೂ ನೋಯಿಸಿದರೆ ಅಳುವ ಜಾತಿಯಲ್ಲ. "ನಾನು ಮರೆಯೋ ಪೈಕಿ ಅಲ್ಲ" ಎಂದಷ್ಟೇ ಹೇಳಿ ಲೋಟ ತೊಳೆದಿಡುವಳು.

ಕಂಪನಿಯವರು ಒಮ್ಮೆ ಕ್ಯಾಮೆರಾ ಇಟ್ಟು ಉದ್ಯೋಗಿಗಳ ಅಭಿಪ್ರಾಯ ಕೇಳಿದ್ದರಂತೆ. ಇವಳು, "ಇಲ್ಲಿ ಮನೇಲಿದ್ದ ಹಾಗೇ ಅನ್ಸುತ್ತೆ. ಯಾಕಂದ್ರೆ ಮನೆಗೆ ಹೋಗೋಕೇ ಬಿಡಲ್ಲ" ಎಂದಳಂತೆ. ಮ್ಯಾನೇಜರೂ ಸೇರಿ ಎಲ್ಲರೂ ನಕ್ಕರಂತೆ. ಹೊಸಬರನ್ನು ಕೆಲಸಕ್ಕೆ ಸೆಳೆಯಲು ಹಾಕಿದ ಆ ಪೋಸ್ಟರಿನಲ್ಲಿ ಅಚ್ಚಾದದ್ದು ಮೊದಲ ವಾಕ್ಯ ಮಾತ್ರ.

ಆಮೇಲೆ ಅವಳ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಚಿಕಿತ್ಸೆಗೆಂದು ರಜೆ ಹಾಕಿದ್ದವಳನ್ನು ಆ ಮ್ಯಾನೇಜರ್ ವಿಡಿಯೊ ಕಾಲ್‌ನಲ್ಲೇ ಕೆಲಸದಿಂದ ತೆಗೆದ. ಅವಳು ಉತ್ತರ ಕೊಡುವಷ್ಟರಲ್ಲಿ ಲ್ಯಾಪ್‌ಟಾಪ್ ಲಾಕ್ ಆಗಿತ್ತು. ನಾನು ಪಕ್ಕದಲ್ಲೇ ಗಂಜಿ ಹಿಡಿದು ನಿಂತಿದ್ದೆ. ಅವನ ಹಿಂದಿನ ಗೋಡೆಯಲ್ಲಿ ತೂಗುತ್ತಿದ್ದ ಪ್ಲಾಸ್ಟಿಕ್ ಬಳ್ಳಿ ಇನ್ನೂ ನನ್ನ ಕಣ್ಣಿನಲ್ಲಿದೆ.

ಮಾರನೆಯ ದಿನ ಅವಳೇ ಅವನಿಗೆ ಫೋನ್ ಮಾಡಿದಳು.

"ಬಸ್ ಸ್ಟಾಪಿಂದ ನನ್ನ ಮುಖ ತೆಗೆಸಿ."

"ಫೋಟೋ ಕಂಪನಿದು ಮೇಡಂ. ಸೈನ್ ಹಾಕಿದೀರ."

"ಸರಿ, ಇಟ್ಕೊಳ್ಳಿ. ಬಾಯಿ ನಂದು."

ಹೊಸಬರನ್ನು ಇಂಟರ್‌ವ್ಯೂಗೆ ಕರೆದಿದ್ದ ದಿನ, ತಲೆಗೆ ಸ್ಕಾರ್ಫ್ ಕಟ್ಟಿ, ತನ್ನದೇ ಪೋಸ್ಟರಿನ ಕೆಳಗೆ ಹೋಗಿ ನಿಂತಳು. ಕೊಡೆ, ಫ್ಲಾಸ್ಕು ಹಿಡಿದು ನಾನೂ ಹೋದೆ. ಬಸ್ಸಿನಿಂದಿಳಿದ ಹುಡುಗಿಯೊಬ್ಬಳು ಮೇಲೆ ಕೆಳಗೆ ನೋಡಿ, "ಮೇಡಂ, ಇದು ನೀವೇನಾ?" ಎಂದಳು.

"ಹೂಂ ಕಣಮ್ಮ. ಹಲ್ಲು ಮಾತ್ರ ಅವರದು."

"ಕಂಪನಿ ಹೆಂಗೆ ಮೇಡಂ?"

ಬಿಟ್ಟುಹೋಗಿದ್ದ ಎರಡನೇ ವಾಕ್ಯವನ್ನು ಹೇಳಿದಳು. ಆಮೇಲೆ ಸ್ಕಾರ್ಫ್ ಸರಿಸಿ, ಕೂದಲಿಲ್ಲದ ತಲೆ ತೋರಿಸಿ, ರಜೆಯ ಕತೆಯನ್ನೂ ಹೇಳಿದಳು. ಕೆಲವರು ಬಂದ ದಾರಿಯಲ್ಲೇ ತಿರುಗಿದರು. ಹೆಚ್ಚಿನವರು ಒಳಗೇ ಹೋದರು, ಆದರೆ ಮುಖ ಸಪ್ಪಗೆ ಮಾಡಿಕೊಂಡು.

ಸೆಕ್ಯೂರಿಟಿಯವನು ಬಂದು, "ಇಲ್ಲಿ ನಿಂತ್ಕೋಬಾರ್ದು ಮೇಡಂ" ಎಂದ.

"ಬಸ್ ಸ್ಟಾಪ್ ಗುರು ಇದು. ಬಸ್ಸಿಗೆ ಕಾಯ್ತಿದೀನಿ."

"ಯಾವ ಬಸ್ಸು?"

"ಇನ್ನೂ ಡಿಸೈಡ್ ಮಾಡಿಲ್ಲ."

ಇಂಟರ್‌ವ್ಯೂ ಇದ್ದ ದಿನಗಳಲ್ಲೆಲ್ಲ ಹೋದೆವು. ನಾನೋ, ಹಾಲಿನವನು ತಡಮಾಡಿ ಬಂದರೂ ನಾನೇ "ಸಾರಿ" ಎನ್ನುವ ಹೆಂಗಸು. ಅವಳ ದನಿ ಸೋತಾಗ ಆ ಎರಡನೇ ವಾಕ್ಯವನ್ನು ನಾನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳು ತಿದ್ದಿ ತಿದ್ದಿ ಕಲಿಸಿದ ಉಚ್ಚಾರಣೆ ಅಷ್ಟು ಚೆನ್ನಾಗಿ ಎಂದೂ ಉಪಯೋಗಕ್ಕೆ ಬಂದಿರಲಿಲ್ಲ. ನನಗೆ ಖುಷಿಯಾಗುತ್ತಿತ್ತು. ಹೊಟ್ಟೆ ತಣ್ಣಗಾಗುವಂಥ ಖುಷಿ.

ಕೊನೆಗೆ ಮ್ಯಾನೇಜರೇ ಕಾರು ನಿಲ್ಲಿಸಿ ಗಾಜು ಇಳಿಸಿದ. "ಯಾಕೆ ಹಿಂಗೆ ಮಾಡ್ತಿದೀರ? ನಮಗೂ ಫೀಲಿಂಗ್ಸ್ ಇರುತ್ತೆ."

"ಇದ್ರೆ ಅಭಿಪ್ರಾಯ ಬರೆದು ಕೊಡಿ ಸಾರ್," ಎಂದಳು. "ಅರ್ಧ ಹಾಕಿಸ್ತೀನಿ."

ಆ ವಾರವೇ ಪೋಸ್ಟರ್ ತೆಗೆಯಲು ಒಬ್ಬ ಬಂದ. ಬ್ಲೇಡ್ ಹಿಡಿದು ಎಲ್ಲಿಂದ ಎಂದು ನೋಡುತ್ತಿದ್ದವನಿಗೆ, "ಬಾಯಿಂದಾನೇ ಶುರು ಮಾಡಣ್ಣ" ಎಂದಳು. ಅವನು ಬೆಪ್ಪಾಗಿ ಅವಳನ್ನೂ ಚಿತ್ರವನ್ನೂ ನೋಡಿ, ಹಾಗೆಯೇ ಮಾಡಿದ. ಚೂರುಗಳು ಕಾಲಬುಡಕ್ಕೆ ಬೀಳುವವರೆಗೂ ನಾವು ಕದಲಲಿಲ್ಲ.

ಮುಂದಿನ ಮಳೆಗಾಲ ಅವಳಿಗೆ ಬರಲಿಲ್ಲ. ಅವಳನ್ನು ನಮ್ಮ ಹಾಲ್‌ನಲ್ಲೇ ಮಲಗಿಸಿದ್ದೆವು. ಮ್ಯಾನೇಜರ್ ದೊಡ್ಡ ಹೂವಿನ ಚಕ್ರ ಹಿಡಿದು ಬಂದ. ಅಡ್ಡಪಟ್ಟಿಯಲ್ಲಿ ಕಂಪನಿಯ ಹೆಸರು ಅವಳ ಹೆಸರಿಗಿಂತ ದಪ್ಪಗಿತ್ತು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಒಂದ್ನಿಮಿಷ ನೋಡ್ಕೊಂಡು ಹೋಗ್ತೀನಿ ಮೇಡಂ."

"ಅವಳು ರಜೆಯಲ್ಲಿದ್ದಾಳೆ," ಎಂದೆ. "ತೊಂದರೆ ಕೊಡಬೇಡಿ."

ನನ್ನ ಗಂಡ ಬೆಚ್ಚಿಬಿದ್ದು ನನ್ನ ಮುಖ ನೋಡಿದರು. ಕ್ಷಮಿಸಬೇಕೆಂದು ಸಿಸ್ಟರ್‌ಗಳು ಕಲಿಸಿದ್ದರು. ಕ್ಷಮಿಸದೆಯೂ ನೆಮ್ಮದಿಯಾಗಿ ನಿದ್ದೆ ಮಾಡಬಹುದೆಂದು ತೋರಿಸಿಕೊಟ್ಟವಳು ಅವಳೊಬ್ಬಳೇ.

ಅವನು ಚಕ್ರವನ್ನು ಕಾಂಪೌಂಡಿಗೆ ಒರಗಿಸಿಟ್ಟು ಹೋದ. ಬೀದಿಯ ಹಸುವೊಂದು ಬಂದು ಸೇವಂತಿಗೆಗೆ ಬಾಯಿ ಹಾಕಿತು. ಯಾರೋ ಓಡಿಸಲು ಹೋದರು.

"ಬಿಡಿ, ತಿನ್ನಲಿ" ಎಂದೆ.