ಪೀರ್ ಸಾಬರ ಎರಡು ಕೆಂಪು ಗೂಟ

ಇದನ್ನು ಬರೆಯುವ ಯೋಗ್ಯತೆ ನನಗಿದೆಯೋ ಇಲ್ಲವೋ ತಿಳಿಯದು. ಕೊರೊನಾ ಕಾಲದಲ್ಲಿ ಬಾಗಿಲು ಹಾಕಿಕೊಂಡು ಮನೆಯೊಳಗೇ ಇದ್ದವನು ನಾನು. ಮಣ್ಣು ಅಗೆದವರ ಬಗ್ಗೆ ಬರೆಯಹೊರಟಿದ್ದೇನೆ. ತಪ್ಪಿದ್ದರೆ ಓದುಗರು ಮನ್ನಿಸಬೇಕು. ಪೀರ್ ಸಾಬ್ ಅವರೇ ಬರೆಯಿರಿ ಎಂದದ್ದರಿಂದ ಧೈರ್ಯ ಮಾಡಿದ್ದೇನೆ.

ಶುಕ್ರವಾರ, ಬೆಳಗಿನ ಆರು ಗಂಟೆ. ಚನ್ನಪಟ್ಟಣದ ಹೊರಗಿನ ಖಬರಸ್ತಾನದಲ್ಲಿ ಪೀರ್ ಸಾಬ್ ಗೋರಿಗಳ ನಡುವಿನ ಕಳೆ ಕೀಳುತ್ತಿದ್ದಾರೆ. ವಯಸ್ಸು ಅರವತ್ತೆರಡು. ಒಂಬತ್ತಕ್ಕೆ ಮನೆಗೆ ಹೋಗಿ ಲೇತ್ ಮುಂದೆ ಕೂರುತ್ತಾರೆ. ಆಟಿಕೆ ಗಾಡಿಗಳಿಗೆ ಗಾಲಿ ಕಡೆಯುವುದು ಅವರ ಕಸುಬು, ದಿನಕ್ಕೆ ನೂರೈವತ್ತು ಗಾಲಿ. ಇಲ್ಲಿನ ಕೆಲಸಕ್ಕೆ ಸಂಬಳವಿಲ್ಲ. "ಸತ್ತೋರ್ ಸೇವೆ ಸಾಕು, ಬದುಕಿರೋಳ್ನೂ ಒಸಿ ನೋಡಿ ಅಂತಾಳೆ ನಮ್ಮ ಮನೇವ್ಳು" ಎಂದು ನಗುತ್ತಾರೆ.

ಎರಡನೇ ಅಲೆಯ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಜಾಗ ಸಿಗದ ಆಂಬುಲೆನ್ಸುಗಳು ಈ ದಾರಿ ಹಿಡಿದವು. ಇಪ್ಪತ್ತೆರಡು ದಿನಗಳಲ್ಲಿ ಇಲ್ಲಿಗೆ ಮೂವತ್ತೊಂದು ಶವ ಬಂದವು. ಕೆಲವರ ಜೊತೆ ಮನೆಯವರಿರಲಿಲ್ಲ, ಹೆಸರು ಬರೆದ ಚೀಟಿ ಮಾತ್ರ. ಕಾಗದ ಮಳೆಗೆ ನಿಲ್ಲದೆಂದು ಪೀರ್ ಸಾಬ್ ಮರದ ಗೂಟ ಕಡೆದು, ಗೊಂಬೆಗೆ ಹಾಕುವ ಅರಗಿನ ಬಣ್ಣದಿಂದ ಬೇರೆ ಬೇರೆ ಪಟ್ಟೆ ಹಾಕಿ, ಗೋರಿಗೊಂದರಂತೆ ನೆಟ್ಟರು. ಯಾವ ಗುರುತು ಯಾರದೆಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು.

"ಒಂದಿನ ನಾಲ್ಕು ಬಂದ್ಬುಟ್ವು. ಎರಡು ಗೂಟ ಕಮ್ಮಿ ಬಿತ್ತು. ಓಡೋಗಿ ಕಡ್ಕೊಂಡ್ ಬಂದೆ. ಗಾಲಿ ಕಡ್ಯೋ ಕೈ ಸಾರ್, ಜೋಡೀನೇ ಬರೋದು. ಎರಡೂ ಕೆಂಪು, ಎರಡಕ್ಕೂ ಒಂದೇ ಪಟ್ಟೆ. ಮಣ್ಣು ಮುಚ್ಚಿ ನೆಟ್ಟಾದ್ಮೇಲೆ ಗೊತ್ತಾಯ್ತು. ಅಷ್ಟೊತ್ಗೆ ಯಾರ್ನ ಯಾವ್ದ್ರಲ್ಲಿ ಇಟ್ವಿ ಅನ್ನೋದೇ ನೆನಪಿರ್ಲಿಲ್ಲ."

ನೋಟ್‌ಬುಕ್ಕನ್ನು ಎರಡು ಸಲ ನೋಡಿದೆ. ಸಾಬೀರ್, ಇಮಾಮ್ ಸಾಬ್ ಎಂಬ ಎರಡು ಹೆಸರುಗಳ ಮುಂದೆ ಒಂದೇ ಗುರುತಿದೆ. ಗೋರಿಗಳು ಪಕ್ಕಪಕ್ಕದಲ್ಲೇ ಇವೆ.

ಸಾಬೀರ್ ಅವರ ಮಗಳು ಮುಬಶ್ಶಿರಾ ಬೆಂಗಳೂರಿನಲ್ಲಿ ಟೇಲರ್. ಆಗ ಅವರೂ ಜ್ವರದಲ್ಲಿ ಮಲಗಿದ್ದರು. ಈಗ ತಿಂಗಳ ಮೊದಲ ಶುಕ್ರವಾರ ರೈಲಿನಲ್ಲಿ ಬರುತ್ತಾರೆ. ಇಲ್ಲಿ ಹೆಂಗಸರು ಒಳಗೆ ಹೋಗುವ ರೂಢಿಯಿಲ್ಲ. ಗೋಡೆಯಾಚೆ ನಿಂತು ಹೂವಿನ ಪೊಟ್ಟಣ ಕೊಡುತ್ತಾರೆ. ಮೊದಲ ಸಲ ಅವರು "ಯಾವುದು ಚಾಚಾ?" ಎಂದಾಗ ಪೀರ್ ಸಾಬ್ ಎಡಗಡೆಯದಕ್ಕೆ ಬೆರಳು ತೋರಿಸಿಬಿಟ್ಟಿದ್ದರು.

ಇಂದು ಮುಬಶ್ಶಿರಾ ಬಂದಾಗ ಪೀರ್ ಸಾಬ್ ಗೋಡೆಯ ಬಳಿ ಹೋಗಿ ಹೇಳಿಯೇ ಬಿಡುತ್ತಾರೆ. "ಬೇಟಾ, ಆ ಎರಡ್ರಲ್ಲಿ ನಿಮ್ಮಪ್ಪ ಯಾವ್ದ್ರಲ್ಲವ್ರೆ ಅಂತ ನಂಗೆ ಗೊತ್ತಿಲ್ಲ."

"ಮತ್ತೆ ಐದು ವರ್ಷದಿಂದ ತೋರಿಸ್ತಾ ಇದ್ರಲ್ಲಾ?"

"ಗೊತ್ತಿಲ್ಲ ಅಂದಿದ್ರೆ ನೀನು ಅವತ್ತು ಇಲ್ಲೇ ಬಿದ್ದೋಗ್ತಿದ್ದೆ. ಆಮೇಲೆ ಹೇಳಾನ ಅಂದ್ಕಂಡೆ. ಬಾಯೇ ಬರ್ಲಿಲ್ಲ."

"ಇನ್ನೊಬ್ರ ಮನೆಯವರು?"

"ಒಂದ್ಸಲಾನೂ ಬಂದಿಲ್ಲ."

ಮುಬಶ್ಶಿರಾ ಪೊಟ್ಟಣ ಕೊಡುತ್ತಾರೆ. ಪೀರ್ ಸಾಬ್ ಎಡಗಡೆಯ ಗೋರಿಗೆ ಹೂ ಹಾಕಿ ತಿರುಗಿ ನೋಡುತ್ತಾರೆ.

"ಅದಕ್ಕೂ ಹಾಕಿ." ಮುಬಶ್ಶಿರಾ ದನಿಯಲ್ಲಿ ಕೋಪ ಹಾಗೇ ಇದೆ. ಸಲಾಂ ಹೇಳದೆ ಹೊರಟುಹೋಗುತ್ತಾರೆ.

ಪೀರ್ ಸಾಬ್ ಗೋಡೆಗೆ ಒರಗಿ ಕೂರುತ್ತಾರೆ. "ಇಮಾಮ್ ಸಾಬ್ರ ಮನೇವ್ರು ಎಲ್ಲಾದ್ರೂ ಇದ್ರೆ ಓದ್ಲಿ ಅಂತ ಬರೀರಿ ಸಾರ್. ನನ್ನ ಬೈಯಾಕಾದ್ರೂ ಬರ್ಲಿ."

ಚೀಟಿಯಲ್ಲಿ ವಿಳಾಸವಿರಲಿಲ್ಲ. ನಾನೂ ಹುಡುಕಿದೆ, ಸಿಗಲಿಲ್ಲ. ಎಡಗಡೆ ಯಾರಿದ್ದಾರೆ, ಬಲಗಡೆ ಯಾರಿದ್ದಾರೆ ಎಂಬುದು ಇಂದಿಗೂ ತಿಳಿದಿಲ್ಲ. ಮುಬಶ್ಶಿರಾ ಮುಂದಿನ ತಿಂಗಳು ಬರುತ್ತಾರೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.