ಬರಿಗೈಯ ಬಳೆ ಸದ್ದು

ಶಕುನ, ಸೂಚನೆ ಅಂತ ಯಾರಾದರೂ ಶುರು ಮಾಡಿದರೆ ಎದ್ದು ಹೋಗುವ ಜಾಯಮಾನ ನನ್ನದು. ಈಗಲೂ ಅಷ್ಟೇ. ಆದ್ದರಿಂದ ಇದನ್ನು ಬರೆಯಲು ನನಗೇ ಸಂಕೋಚ. ನೀವು ನಂಬಲೇಬೇಕೆಂಬ ಹಟವೂ ಇಲ್ಲ.

ಸ್ವಾತಂತ್ರ್ಯ ಬಂದು ಎರಡು ಮೂರು ವರ್ಷವಾಗಿತ್ತು. ಚಾಮರಾಜಪೇಟೆಯ ಮನೆಯಲ್ಲಿ ನಾನು ಎಂಟು ತಿಂಗಳ ಬಸುರಿ. ಮೊದಲನೆಯದು ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಕೈಕಾಲು ಊದಿಕೊಂಡಾಗ ನನ್ನ ಅತ್ತೆ, "ಬಸುರಿಗೆ ಊತ ಬರ್ದೆ ಇನ್ಯಾರಿಗೆ ಬರುತ್ತೆ? ಗಂಡು ಮಗೂನೇ," ಎಂದು ಹಿಗ್ಗಿ, ಬಳೆ ತೊಡಿಸುವ ಶಾಸ್ತ್ರ ಮಾಡಿ, ಬಯಕೆಯೂಟಕ್ಕೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲ ಬಡಿಸಿದರು. ಮರುದಿನವೇ ತಲೆ ಸಿಡಿಯತೊಡಗಿತು. ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ನೋಡಿ, ರಕ್ತದೊತ್ತಡ ಬಹಳ ಏರಿದೆ ಎಂದು ಅಲ್ಲೇ ಮಲಗಿಸಿಬಿಟ್ಟರು.

ಊದಿದ ಕೈಗೆ ಬಿಗಿಯುತ್ತಿದ್ದ ಹಸಿರು ಬಳೆಗಳನ್ನು ನರ್ಸು ಸೋಪು ಹಚ್ಚಿ ತೆಗೆದಳು. ಬಾರದವನ್ನು ಒಡೆದಳು. ಅತ್ತೆ ಕಣ್ಣೀರು ಹಾಕಿದರು. "ಬಳೆ ಸದ್ದು ಕೇಳ್ತಾ ಮಗು ಬೆಳೀಬೇಕು ಕಣೇ. ಇನ್ನು ಅದೇನು ಕೇಳುತ್ತೆ?"

"ನರ್ಸಮ್ಮನ ಬೈಗುಳ ಕೇಳುತ್ತೆ ಬಿಡಿ," ಎಂದು ನಾನು ನಕ್ಕೆ.

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಪರದೆ ಎಳೆದ ಮಬ್ಬು ಕೋಣೆ, ಉಪ್ಪಿಲ್ಲದ ಗಂಜಿ. ಬಂದವರೆಲ್ಲ "ಯೋಚ್ನೆ ಮಾಡ್ಬೇಡಿ" ಎನ್ನುವವರೇ. ಯೋಚನೆ ಏನು ನಲ್ಲಿಯೇ, ತಿರುಗಿಸಿ ನಿಲ್ಲಿಸಲು? ಪಕ್ಕದ ಹಾಸಿಗೆಯಲ್ಲಿ ಪೇಟೆಯ ಜವಳಿ ವ್ಯಾಪಾರಿಯ ಸೊಸೆ ಗಿರಿಜಮ್ಮ. ಅವಳಿಗೂ ಇದೇ ಕಾಯಿಲೆ, ಅವಳ ಕೈಯೂ ಬೋಳು. ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದೇ ಮಲಗಿರುತ್ತಿದ್ದಳು. ನನಗೆ ಹಿಡಿದುಕೊಳ್ಳಲು ನನ್ನ ಹೊಟ್ಟೆ ಬಿಟ್ಟರೆ ಬೇರೇನಿರಲಿಲ್ಲ.

ಒಂದು ದಿನ ಬೆಳಗಿನಿಂದ ಮಗು ಅಲುಗಲೇ ಇಲ್ಲ. ಮೊದಲ ಸಲವೂ ಹೀಗೇ ಆಗಿತ್ತು. ಡಾಕ್ಟರಮ್ಮ ಹೊಟ್ಟೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿ, "ಸ್ವಲ್ಪ ಕಾಯೋಣಮ್ಮ" ಎಂದಷ್ಟೇ ಹೇಳಿ ಹೋದರು. ಎಡಕ್ಕೆ ಹೊರಳಿದೆ, ಬಲಕ್ಕೆ ಹೊರಳಿದೆ, ಎದ್ದು ಕೂತೆ, ನರ್ಸಿನಿಂದ ಬೈಸಿಕೊಂಡು ಮತ್ತೆ ಮಲಗಿದೆ. ಹೋಯಿತು, ಇದೂ ಹೋಯಿತು ಎಂದು ಒಳಗೇ ಬಡಬಡಿಸುತ್ತಿದ್ದೆ.

ಮಧ್ಯಾಹ್ನ ಬಳೆ ಸದ್ದಾಯಿತು. ಗಾಜಿನ ಬಳೆ, ಕೈತುಂಬ. ನನ್ನ ಹೊಟ್ಟೆಯ ಮೇಲೇ, ಯಾರೋ ಸವರಿದ ಹಾಗೆ. ಕೋಣೆಯಲ್ಲಿ ನಾವಿಬ್ಬರೇ ಇದ್ದದ್ದು. ಗಿರಿಜಮ್ಮ ಕಣ್ಣು ಮುಚ್ಚಿಕೊಂಡೇ, "ಇನ್ನೊಂದ್ಸಲ ಬಳೆ ಆಡಿಸ್ರೀ. ಕೇಳ್ತಿದ್ರೆ ನನ್ನ ಎದೆ ಹೊಡ್ಕೊಳ್ಳೋದು ಕಮ್ಮಿ ಆಗುತ್ತೆ," ಎಂದಳು.

ಹೊದಿಕೆಯಿಂದ ಎರಡೂ ಕೈ ತೆಗೆದು ನೋಡಿಕೊಂಡೆ. ಬರಿಗೈ. ಸದ್ದು ಮತ್ತೆ ಆಯಿತು. ಆಗ ಮಗು ಒದೆಯಿತು. ಅಯ್ಯೋ, ಎಂಥ ಒದೆ ಅದು! ನಾನು ಗಟ್ಟಿಯಾಗಿ ಅತ್ತುಬಿಟ್ಟೆ.

ಮಗಳು ಹುಟ್ಟಿದಳು, ಹಿಡಿಯಷ್ಟು, ಆದರೆ ಜೀವಂತವಾಗಿ. ಡಾಕ್ಟರಮ್ಮನಿಗೆ ನಡೆದದ್ದು ಹೇಳಿದೆ. "ಒತ್ತಡ ಏರಿದಾಗ ಕಿವೀಲಿ ಏನೇನೋ ಕೇಳುತ್ತಮ್ಮ. ನಿಮ್ಮಿಬ್ರಿಗೂ ಇತ್ತಲ್ಲ," ಎಂದು ನಕ್ಕರು.

ನನ್ನ ಕಿವಿಯ ವಿಷಯ ಒಪ್ಪಿದೆ. ಗಿರಿಜಮ್ಮನದೂ ಒಪ್ಪಿದೆ. ಆದರೆ ಬೆಳಗಿನಿಂದ ಹೊಟ್ಟೆಯೊಳಗೆ ಸುಮ್ಮನಿದ್ದವಳು ಆ ಗಳಿಗೆಯಲ್ಲೇ ಒದ್ದಳಲ್ಲ, ಅವಳಿಗೆ ಕೇಳಿಸಿದ್ದಾದರೂ ಏನು?